ಒಡಲಲ್ಲಿ ಕೂಸು, ಕೈಯಲ್ಲಿ ಹುಟ್ಟು

ಪುಣೆಯ ಖಡಕಿ ಅಪಾಯವನ್ನೇ ಕಸುಬು ಮಾಡಿಕೊಂಡ ಊರು. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯವೂ ಕಂಪನಿಯ ಸೈನ್ಯವೂ ಎದುರಾದದ್ದು ಇಲ್ಲಿನ ಬಯಲಲ್ಲಿ. 1869ರಿಂದ ಮದ್ದುಗುಂಡಿನ ಕಾರ್ಖಾನೆ ನಡೆಯುತ್ತಿದೆ. ಸೇತುವೆ ಕಟ್ಟುವುದು, ಹೂತಿಟ್ಟ ನೆಲಬಾಂಬ್ ಹುಡುಕಿ ತೆಗೆಯುವುದು ಮುಂತಾದ ಕೆಲಸಗಳಿಗೆ ಸೇನೆಯ ಎಂಜಿನಿಯರಿಂಗ್ ಪಡೆ ಬಾಂಬೆ ಸ್ಯಾಪರ್ಸ್ ಹುಡುಗರನ್ನು ತಯಾರು ಮಾಡುವುದೂ ಇಲ್ಲೇ. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲಿನ ಶಕ್ತಿ ಕಳೆದುಕೊಂಡ ಸೈನಿಕರಿಗಾಗಿ 1974ರಲ್ಲಿ ಶುರುವಾದ ಪುನರ್ವಸತಿ ಕೇಂದ್ರವೂ ಈ ಊರಲ್ಲಿದೆ. ಅಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಬಾಸ್ಕೆಟ್‌ಬಾಲ್ ಆಡುತ್ತಾರೆ. ಗಂಡಸಿನ ಮೈಗೆ ಒದಗುವ ಅಪಾಯಕ್ಕೆ ಇಲ್ಲಿ ಲೆಕ್ಕವಿದೆ, ಕವಾಯತಿದೆ, ಗೌರವವಿದೆ. ಬಸುರಿಯೊಬ್ಬಳು ತನ್ನ ಮೈಯ ಅಪಾಯವನ್ನು ತಾನೇ ತೂಗಿ ನೋಡಲು ಹೊರಟರೆ ಮಾತ್ರ ಖಡಕಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ಸಿಗುವ ಉತ್ತರ ಒಂದೇ ಪದದ್ದು: ಬೇಡ.

‘ಬೇಡ’ ಎನ್ನುವವರಲ್ಲಿ ಕಾಳಜಿ ಇಲ್ಲವೆಂದಲ್ಲ. ಎರಡು ಜೀವದವಳು ಎಂಬ ಅಕ್ಕರೆ ಅದರಲ್ಲಿದೆ. ಆದರೆ ಯಾವ ಆಟ, ಎಷ್ಟನೇ ತಿಂಗಳು, ಏನಾದರೆ ಏನು ಗತಿ ಎಂದು ಕೇಳದೆ ಹೇಳುವ ‘ಬೇಡ’ದಿಂದ ಆ ಹೆಂಗಸಿಗೆ ಏನೂ ತಿಳಿಯುವುದಿಲ್ಲ. ‘ಏನೂ ಆಗಲ್ಲ, ಮಾಡು’ ಎನ್ನುವ ಧೈರ್ಯದ ಮಾತೂ ಅಷ್ಟೇ.

ಖಡಕಿಯ ಪಕ್ಕದಲ್ಲೇ ಹರಿಯುವ ಮುಳಾ ನದಿ ದಾಟಿದರೆ ದಾಪೋಡಿ. ಅಲ್ಲಿನ ಸೇನಾ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸೇನೆಯ ರೋವಿಂಗ್ ಕೇಂದ್ರವಿದೆ. ಬಾಂಬೆ ಸ್ಯಾಪರ್ಸ್ ಸೇರಿ ಹುಟ್ಟು ಹಿಡಿಯಲು ಕಲಿತ ದತ್ತು ಭೋಕನಾಳ್ 2016ರ ರಿಯೊ ಒಲಿಂಪಿಕ್ಸ್ ತನಕ ಹೋದರು. ಇದೇ ರೋವಿಂಗನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೈ ಬೆವರಿಳಿಸುವ ಈ ಶ್ರಮ ಆರೋಗ್ಯವಂತ ಗರ್ಭಿಣಿಗೆ ಕೆಡುಕಲ್ಲ. ನೆಲದ ಮೇಲಿನ ರೋವಿಂಗ್ ಯಂತ್ರದಲ್ಲಿ ಹೊಟ್ಟೆ ಅಡ್ಡ ಬರುವ ತನಕ ಹದವಾಗಿ ಎಳೆಯಬಹುದು. ನೀರಿನ ಮೇಲೆ ಲೆಕ್ಕವೇ ಬೇರೆ. ಹುಟ್ಟಿನ ಅಲಗು ನೀರಲ್ಲಿ ಸಿಕ್ಕಿಕೊಂಡರೆ ದೋಣಿಯ ವೇಗವೆಲ್ಲ ಹಿಡಿಕೆಗೆ ಬಂದು ಅದು ಥಟ್ಟನೆ ಹೊಟ್ಟೆಗೆ ಬಡಿಯುತ್ತದೆ. ರೋವರ್‌ಗಳು ಇದನ್ನು ‘ಕ್ರ್ಯಾಬ್’ ಎನ್ನುತ್ತಾರೆ. ಇದಕ್ಕೆ ಸಿಕ್ಕವರು ದೋಣಿಯಿಂದ ಆಚೆ ಹಾರಿ ಬಿದ್ದದ್ದೂ ಉಂಟು. ಶ್ರಮ ಬೇರೆ, ಪೆಟ್ಟು ಬೇರೆ. ಗರ್ಭಿಣಿಯ ಆಟದ ಬಗ್ಗೆ ಮಾತಾಡುವಾಗ ಬಹುಪಾಲು ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ಪೆಟ್ಟು ಏಕೆ ಅಪಾಯ? ಮೊದಲ ಹನ್ನೆರಡು ವಾರ ಗರ್ಭಕೋಶ ಸೊಂಟದ ಎಲುಬಿನ ಒಳಗೇ ಇರುತ್ತದೆ. ಆಮೇಲೆ ಅದು ಮೇಲೇರಿ ಹೊಟ್ಟೆಯ ಮುಂಭಾಗಕ್ಕೆ ಬರುತ್ತದೆ, ಎಲುಬಿನ ಆಸರೆ ತಪ್ಪುತ್ತದೆ. ಗರ್ಭಕೋಶದ ಗೋಡೆ ಸ್ನಾಯುವಿನದ್ದು, ಹಿಗ್ಗುತ್ತದೆ, ಜಗ್ಗುತ್ತದೆ. ಅದಕ್ಕೆ ಅಂಟಿಕೊಂಡ ಮಾಸಿಗೆ ಆ ಗುಣವಿಲ್ಲ. ಹೊಟ್ಟೆಗೆ ಏಟು ಬಿದ್ದಾಗ, ಅಥವಾ ವೇಗದಲ್ಲಿದ್ದ ಮೈ ಒಮ್ಮೆಲೇ ನಿಂತಾಗ ಗೋಡೆ ಜಗ್ಗಿ, ಮಾಸು ಬಿಟ್ಟುಕೊಳ್ಳಬಹುದು. ಆಗ ಮಗುವಿಗೆ ಉಸಿರು, ಆಹಾರ ಎರಡೂ ಕಡಿಮೆಯಾಗುತ್ತವೆ. ರಕ್ತ ಒಳಗೇ ನಿಂತು ಹೊರಗೆ ಒಂದು ಹನಿಯೂ ಕಾಣದಿರಬಹುದು. ತಾಯಿಯ ಮೈಮೇಲೆ ಗೀರೂ ಇಲ್ಲದೆ ಇದು ಆಗಬಹುದು ಎಂಬುದೇ ಇದರ ಕ್ರೂರ ಸಂಗತಿ. ಬಿದ್ದವಳು ಎದ್ದು ‘ನಾನು ಚೆನ್ನಾಗಿದ್ದೇನೆ’ ಎಂದು ನಕ್ಕರೂ, ಐದು ತಿಂಗಳು ದಾಟಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ವೈದ್ಯರು ಕನಿಷ್ಠ ನಾಲ್ಕು ಗಂಟೆ ಮಗುವಿನ ಎದೆಬಡಿತ ಗಮನಿಸುತ್ತಾರೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು 72 ಗಂಟೆಯೊಳಗೆ ಬೀಳಬೇಕು.

ಪುಣೆಯವರಿಗೆ ವಾರಾಂತ್ಯದ ಸಾಹಸಕ್ಕೆ ಕೊರತೆಯಿಲ್ಲ. ಖಡಕಿಯಿಂದ ಹಳೇ ಮುಂಬೈ ಹೆದ್ದಾರಿ ಹಿಡಿದರೆ ಕಾಮಶೇತ್, ಪ್ಯಾರಾಗ್ಲೈಡಿಂಗ್‌ಗೆ ಹೆಸರಾದ ಜಾಗ. ಕೋಲಾಡದಲ್ಲಿ ರ‍್ಯಾಫ್ಟಿಂಗ್. ಕೊಂಕಣದ ತಾರ್ಕರ್ಲಿಯಲ್ಲಿ ಸ್ಕೂಬಾ, ನಮ್ಮ ಮುರುಡೇಶ್ವರದ ನೇತ್ರಾಣಿಯಲ್ಲಿ ಇರುವ ಹಾಗೆ. ಇವುಗಳಲ್ಲಿ ಸ್ಕೂಬಾ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಹೊಟ್ಟೆಯಲ್ಲಿ ಮಗುವಿದೆ ಎಂದು ಗೊತ್ತಾದ ದಿನವೇ ನಿಲ್ಲಿಸಬೇಕು. ಆಳದಿಂದ ಮೇಲೆ ಬರುವಾಗ ರಕ್ತದಲ್ಲಿ ಹುಟ್ಟುವ ಸಾರಜನಕದ ಸಣ್ಣ ಗುಳ್ಳೆಗಳನ್ನು ತಾಯಿಯ ಶ್ವಾಸಕೋಶ ಸೋಸುತ್ತದೆ. ಹುಟ್ಟದ ಮಗುವಿನ ರಕ್ತ ಬಹುಪಾಲು ಶ್ವಾಸಕೋಶಕ್ಕೆ ಹೋಗದೆ ಬೇರೆ ದಾರಿ ಹಿಡಿಯುವುದರಿಂದ ಅಲ್ಲಿ ಸೋಸುವ ಜರಡಿಯೇ ಇಲ್ಲ. ಪ್ಯಾರಾಗ್ಲೈಡಿಂಗ್, ಕುದುರೆ ಸವಾರಿ, ಕಲ್ಲುಹಾದಿಯ ಸೈಕ್ಲಿಂಗ್, ಕಬಡ್ಡಿ: ಇವೆಲ್ಲ ಬೀಳುವ ಅಥವಾ ಡಿಕ್ಕಿಯ ಭಯದವು. ಅದೂ ಅಲ್ಲದೆ ಗರ್ಭಿಣಿಯ ಕೀಲುಗಳು ಸಡಿಲಾಗಿರುತ್ತವೆ, ಮೈಯ ತೂಕ ಮುಂದಕ್ಕೆ ವಾಲಿರುತ್ತದೆ. ಹತ್ತು ವರ್ಷ ಬೀಳದೆ ಸವಾರಿ ಮಾಡಿದವಳಿಗೂ ಅಳತೆ ತಪ್ಪುತ್ತದೆ. ಸಿಂಹಗಡದ ಕೋಟೆ ಹತ್ತುವುದು ಹಾಗಲ್ಲ. ವಾರವಾರ ಹತ್ತಿ ರೂಢಿಯಿದ್ದು, ಮಳೆಗಾಲದ ಜಾರುವ ಬಂಡೆ ತಪ್ಪಿಸಿ, ಜೊತೆಯವರೊಂದಿಗೆ ನಿಧಾನಕ್ಕೆ ಹೋದರೆ ಬಹಳ ಮಂದಿಗೆ ಅದು ನಡಿಗೆಯೇ.

ಶೂಟಿಂಗ್ ವಿಷಯ ಇನ್ನೂ ಸೂಕ್ಷ್ಮ. ಮಲೇಷ್ಯಾದ ನೂರ್ ಸುರಿಯಾನಿ ತೈಬಿ ಎಂಟು ತಿಂಗಳ ಬಸುರಿಯಾಗಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಏರ್‌ರೈಫಲ್ ಹಿಡಿದು ನಿಂತರು. ಅಲ್ಲಿ ಬೀಳುವ ಮಾತಿಲ್ಲ. ಆದರೆ ಸಿಡಿಮದ್ದಿನ ಬಂದೂಕಿಗೆ ಬಂದರೆ ಸೀಸದ ಧೂಳು ಮತ್ತು ಸದ್ದು ಎರಡನ್ನೂ ಎಣಿಸಬೇಕು. ತಾಯಿಯ ಕಿವಿಯ ಮೇಲಿನ ಮಫ್ ತಾಯಿಯ ಕಿವಿಯನ್ನಷ್ಟೇ ಕಾಯುತ್ತದೆ, ಒಳಗೆ ಕೇಳಿಸಿಕೊಳ್ಳಲು ಶುರು ಮಾಡಿದ ಮಗುವಿಗೆ ಆ ಮಫ್ ಇಲ್ಲ. ಏನೂ ಅಪಾಯವಿಲ್ಲವೆಂದು ತೋರುವ ಆಟದಲ್ಲಿ ಇದ್ದೀತು, ಭಯಂಕರವಾಗಿ ಕಾಣುವುದರಲ್ಲಿ ಇಲ್ಲದೆಯೂ ಇದ್ದೀತು. 2025ರಲ್ಲಿ ದೆಹಲಿ ಪೊಲೀಸ್‌ನ ಸೋನಿಕಾ ಯಾದವ್ ಏಳು ತಿಂಗಳ ಗರ್ಭಿಣಿಯಾಗಿ ಅಖಿಲ ಭಾರತ ಪೊಲೀಸ್ ಸ್ಪರ್ಧೆಯಲ್ಲಿ 145 ಕಿಲೋ ಡೆಡ್‌ಲಿಫ್ಟ್ ಮಾಡಿ ಕಂಚು ಗೆದ್ದಾಗ ದೇಶ ಬೆಚ್ಚಿತು. 2020ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟವನ್ನು ಐದು ತಿಂಗಳ ಗರ್ಭಿಣಿಯೊಬ್ಬರು 62 ನಿಮಿಷದಲ್ಲಿ ಮುಗಿಸಿದಾಗಲೂ ಹೀಗೇ ಹುಬ್ಬೇರಿದ್ದವು. ಆಕೆ ಒಂಬತ್ತು ವರ್ಷದಿಂದ ಓಡುತ್ತಿದ್ದವರು, ವೈದ್ಯರನ್ನು ಕೇಳಿಯೇ ಇಳಿದವರು. ಆ ರೂಢಿಯನ್ನು ಬಿಟ್ಟು ಫೋಟೊವನ್ನಷ್ಟೇ ನೋಡಿ ಹೊಸದಾಗಿ ಓಡಲು, ಭಾರ ಎತ್ತಲು ಹೊರಟರೆ ಅದು ಬೇರೆಯೇ ಕಥೆ.

ಶ್ರಮಕ್ಕೂ ಮಿತಿ ಇದೆ ಎನ್ನುವುದನ್ನು ಮರೆಮಾಚಬಾರದು. ನಾರ್ವೆಯ ಸಂಶೋಧಕರು ಒಲಿಂಪಿಕ್ ಮಟ್ಟದ ಆರು ಗರ್ಭಿಣಿ ಕ್ರೀಡಾಪಟುಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ 2012ರಲ್ಲಿ ವರದಿ ಮಾಡಿದರು: ತಾಯಿಯ ಎದೆಬಡಿತ ಅದರ ಗರಿಷ್ಠದ ಶೇಕಡಾ 90 ದಾಟಿದಾಗ ಗರ್ಭಕೋಶಕ್ಕೆ ಹೋಗುವ ರಕ್ತ ಇಳಿದು ಮಗುವಿನ ಬಡಿತ ನಿಧಾನವಾಯಿತು, ಓಟ ನಿಲ್ಲಿಸಿದ ಕೂಡಲೇ ಸರಿಹೋಯಿತು. ಮಾತಾಡುತ್ತಾ ಮಾಡಲಾಗುವಷ್ಟು ಶ್ರಮ ಸಾಕು ಎಂದು ವೈದ್ಯರು ಹೇಳುವುದರ ಹಿಂದಿನ ವಿವೇಕ ಇಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯಂತೂ ತೊಂದರೆ ಇಲ್ಲದ ಗರ್ಭಿಣಿಯರು ವಾರಕ್ಕೆ 150 ನಿಮಿಷ ಮೈ ದಣಿಸಬೇಕು ಎಂದೇ 2020ರಲ್ಲಿ ಹೇಳಿದೆ. ಮಾಸು ಕೆಳಗೆ ಕೂತಿದ್ದರೆ, ರಕ್ತದೊತ್ತಡ ಏರಿದ್ದರೆ, ರಕ್ತಹೀನತೆ ತೀವ್ರವಾಗಿದ್ದರೆ ಮಾತು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ನೋಡದೆ ಯಾವ ಆಟದ ಮಾತೂ ಆಡಬಾರದು.

ಇನ್ನು ನಿರ್ಧಾರ ಯಾರದ್ದು? 2001ರಲ್ಲಿ ಆಸ್ಟ್ರೇಲಿಯಾದ ನೆಟ್‌ಬಾಲ್ ಸಂಸ್ಥೆ ಗರ್ಭಿಣಿಯರು ಅಂಗಳಕ್ಕೆ ಇಳಿಯಬಾರದೆಂದು ಸಾರಾಸಗಟು ನಿಷೇಧ ಹಾಕಿತು. ಆಟಗಾರ್ತಿ ಟ್ರುಡಿ ಗಾರ್ಡ್ನರ್ ನ್ಯಾಯಾಲಯಕ್ಕೆ ಹೋದರು. ಅದು ತಾರತಮ್ಯ ಎಂದು 2003ರಲ್ಲಿ ತೀರ್ಪಾಯಿತು. ಆ ತೀರ್ಪು ನನಗೆ ಸರಿಯೆನಿಸುತ್ತದೆ. ಗಂಡ, ಅತ್ತೆ, ತವರಿನವರು, ಕೋಚ್ ತಮ್ಮ ಆತಂಕ ಹೇಳಲಿ, ವೈದ್ಯರು ಇದ್ದುದನ್ನು ಇದ್ದಂತೆ ತಿಳಿಸಲಿ. ಕೊನೆಯ ಮಾತು ಆಕೆಯದ್ದೇ ಆಗಬೇಕು. ನಿಷೇಧಕ್ಕೆ ಹೆದರಿದ ಆಟಗಾರ್ತಿ ಬಸಿರನ್ನು ಮುಚ್ಚಿಡುತ್ತಾಳೆ. ವೈದ್ಯರಿಗೂ ಹೇಳದೆ ಅಂಗಳಕ್ಕೆ ಇಳಿಯುವುದರಷ್ಟು ಅಪಾಯ ಬೇರೊಂದಿಲ್ಲ.

ಈ ಚರ್ಚೆಯಲ್ಲಿ ನನ್ನನ್ನು ಕಾಡುವುದು ಇನ್ನೊಬ್ಬ ಹೆಂಗಸು. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ದುಡಿಯಲು ಪುಣೆಗೆ ಬಂದವರು ಇಲ್ಲಿನ ಕಟ್ಟಡಗಳ ಕೆಳಗೇ ಗುಡಿಸಲು ಹಾಕಿಕೊಂಡಿರುತ್ತಾರೆ. ಆ ಹೆಂಗಸರಲ್ಲಿ ದಿನ ತುಂಬುತ್ತಾ ಬಂದವಳೂ ಬಾಣಲೆ ತುಂಬ ಕಾಂಕ್ರೀಟ್ ಹೊತ್ತು ಆಸರೆಯ ಕಂಬಿ ಇಲ್ಲದ ಮೆಟ್ಟಿಲು ಹತ್ತುತ್ತಾಳೆ. ಪ್ಯಾರಾಗ್ಲೈಡಿಂಗ್ ಬೇಡ ಎನ್ನುವ ನಾವು ಅವಳಿಗೆ ಬೇಡ ಎನ್ನುವುದಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಹೆರಿಗೆಗೆ ಮುಂಚಿನ ವಾರಗಳಲ್ಲಿ ಭಾರದ ಕೆಲಸ ಕೊಡಬಾರದೆಂಬ ಮಾತಿದೆ, ಆದರೆ ಆಕೆ ಕೇಳಿಕೊಂಡರೆ ಮಾತ್ರ. ದಿನಗೂಲಿಯವಳು ಯಾರನ್ನು ಕೇಳಬೇಕು? ಬೀಳುವ ಅಪಾಯ ಇಬ್ಬರಿಗೂ ಒಂದೇ, ಮಾಸು ಬಿಟ್ಟುಕೊಳ್ಳುವ ಬಗೆಯೂ ಒಂದೇ. ಕೆಳಗಿಳಿಯುವ ಆಯ್ಕೆ ಒಬ್ಬಳಿಗಷ್ಟೇ ಇದೆ.

ತಪಾಸಣೆಗೆ ಹೋಗುವ ಗರ್ಭಿಣಿ ‘ಎಕ್ಸರ್ಸೈಜ್ ಮಾಡಬಹುದಾ ಡಾಕ್ಟ್ರೇ’ ಎಂದು ಕೇಳಿದರೆ ಸಾಲದು. ಏನು ಮಾಡುತ್ತೇನೆ, ಎಷ್ಟು ವರ್ಷದಿಂದ, ಎಷ್ಟು ಎತ್ತರ, ಎಷ್ಟು ಭಾರ, ಬಿದ್ದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಬಿಡಿಸಿ ಹೇಳಬೇಕು. ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಬಿಗಿದು ಸಡಿಲವಾಗುತ್ತಿದ್ದರೆ, ಎದೆನೋವು, ತಲೆಸುತ್ತು ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಆಟ ಅಲ್ಲಿಗೇ ನಿಲ್ಲಬೇಕು. ವೈದ್ಯರೂ ಅಷ್ಟೇ, ತಮ್ಮೆದುರು ಕೂತವಳು ಟ್ರ್ಯಾಕ್‌ಸೂಟಿನಲ್ಲಿ ಬಂದಿರಲಿ, ಸಿಮೆಂಟು ಮೆತ್ತಿದ ಸೀರೆಯಲ್ಲಿ ಬಂದಿರಲಿ, ಕೇಳಬೇಕಾದ ಪ್ರಶ್ನೆ ಒಂದೇ: ‘ದಿನಾ ಏನು ಎತ್ತುತ್ತೀಯಮ್ಮ, ಎಲ್ಲಿಗೆ ಹತ್ತುತ್ತೀಯ?’