ಬಟ್ಟೆಯ ನಾಳಕ್ಕೂ ಬೇಕು ಕಾವಲು

ಹೃದಯದಿಂದ ಹೊರಟ ಮಹಾಪಧಮನಿ ಹೊಟ್ಟೆಯೊಳಗೆ ಬೆನ್ನೆಲುಬಿನ ಮುಂದೆ ಇಳಿಯುತ್ತದೆ. ಸುಮಾರು ಎರಡು ಸೆಂಟಿಮೀಟರ್ ಅಗಲದ ಈ ನಾಳದ ಗೋಡೆ ವಯಸ್ಸು, ಧೂಮಪಾನ, ರಕ್ತದೊತ್ತಡಗಳಿಂದ ಸಡಿಲಗೊಂಡರೆ ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬುತ್ತದೆ. ಉಬ್ಬು ಒಡೆದರೆ ಬದುಕುವವರು ಕಡಿಮೆ.

ಇದನ್ನು ಸರಿಪಡಿಸುವ ವಿದ್ಯೆ ಇನ್ನೂ ಎಳೆಯದು. 1817ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ರಕ್ತಸ್ರಾವ ತಡೆಯಲು ಮಹಾಪಧಮನಿಯನ್ನೇ ದಾರದಿಂದ ಬಿಗಿದರು. ರೋಗಿ ಎರಡು ದಿನವೂ ಉಳಿಯಲಿಲ್ಲ. 1948ರಲ್ಲಿ ರುಡಾಲ್ಫ್ ನಿಸ್ಸೆನ್, ವಿಜ್ಞಾನಿ ಐನ್‌ಸ್ಟೈನರ ಉಬ್ಬಿಗೆ ಸೆಲೋಫೇನ್ ಹಾಳೆ ಸುತ್ತಿದರು. ಅದರ ಸುತ್ತ ಗಟ್ಟಿ ಅಂಗಾಂಶ ಬೆಳೆದು ನಾಳಕ್ಕೆ ಆಸರೆಯಾಗಲಿ ಎಂಬುದು ಉದ್ದೇಶ. ಆರು ವರ್ಷಕ್ಕೂ ಹೆಚ್ಚು ಕಾಲ ತಡೆದ ಉಬ್ಬು 1955ರ ಏಪ್ರಿಲ್‌ನಲ್ಲಿ ಒಡೆಯಿತು. ಮತ್ತೆ ಶಸ್ತ್ರಕ್ರಿಯೆ ಬೇಡವೆಂದ ಐನ್‌ಸ್ಟೈನ್ 18ರಂದು ತೀರಿಕೊಂಡರು.

ಅಷ್ಟರಲ್ಲಿ ದಾರಿ ತೆರೆದಿತ್ತು. 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಉಬ್ಬಿದ ಭಾಗವನ್ನು ಕತ್ತರಿಸಿ ಮೃತ ವ್ಯಕ್ತಿಯ ನಾಳವನ್ನು ಜೋಡಿಸಿದರು. ಹೂಸ್ಟನ್ನಿನ ಮೈಕೆಲ್ ಡಿಬೇಕಿ ಅಂಗಡಿಯಲ್ಲಿ ನೈಲಾನ್ ಸಿಗದೆ ಡೆಕ್ರಾನ್ ಬಟ್ಟೆ ಕೊಂಡು, ಮನೆಯ ಹೊಲಿಗೆ ಯಂತ್ರದಲ್ಲೇ ಕೃತಕ ನಾಳ ಹೊಲಿದರು. ಇಂದಿಗೂ ಆ ಬಗೆಯ ಬಟ್ಟೆಯೇ ಬಳಕೆಯಲ್ಲಿದೆ. 1990ರಲ್ಲಿ ಬ್ಯೂನಸ್ ಐರಿಸ್‌ನ ಹ್ವಾನ್ ಪರೋಡಿ ಹೊಟ್ಟೆ ಸೀಳದೆ, ತೊಡೆಸಂದಿನ ಮೂಲಕ ನಾಳ ಕೂರಿಸಿದರು.

ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಆದರೆ ಅಪರೂಪಕ್ಕೆ ಹೊಸ ತೊಡಕು ಹುಟ್ಟುವುದುಂಟು. ಬೆನ್ನುಹುರಿಗೆ ಹೋಗುವ ರಕ್ತ ಕಡಿಮೆಯಾಗಿ, ಎಚ್ಚರವಾದ ರೋಗಿಗೆ ಕಾಲುಗಳೇ ಆಡದಿರಬಹುದು. ಇನ್ನೊಂದು ತೊಡಕು ವರ್ಷಗಟ್ಟಲೆ ಹೊಂಚು ಹಾಕುತ್ತದೆ. ಸಣ್ಣಕರುಳಿನ ಆರಂಭದ ಭಾಗ ಮಹಾಪಧಮನಿಯ ಮುಂದೆಯೇ ಹಾದುಹೋಗುತ್ತದೆ. ಮಿಡಿಯುವ ಕೃತಕ ನಾಳ ಅದಕ್ಕೆ ಉಜ್ಜುತ್ತಿದ್ದರೆ, ಇಲ್ಲವೇ ಅಲ್ಲಿ ಸೋಂಕು ತಗಲಿದರೆ, ಎರಡರ ನಡುವೆ ತೂತು ಬೀಳುತ್ತದೆ. ರಕ್ತ ನೇರವಾಗಿ ಕರುಳಿಗೆ ಹರಿಯುತ್ತದೆ.

ಮೊದಲು ತುಸು ರಕ್ತವಾಂತಿ, ಇಲ್ಲವೇ ಟಾರಿನಂಥ ಕಪ್ಪು ಮಲ. ಹೆಪ್ಪು ಕಟ್ಟಿ ರಕ್ತ ತಾನಾಗಿ ನಿಲ್ಲುತ್ತದೆ. ಹೊಟ್ಟೆಹುಣ್ಣೆಂದು ಎಲ್ಲರೂ ಸುಮ್ಮನಾಗಬಹುದು. ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಬರುವ ಎರಡನೆಯ ಸ್ರಾವ ಪ್ರಾಣಕ್ಕೇ ಎರವಾಗುತ್ತದೆ. ಈ ನಡುವಿನ ಅವಧಿಯೇ ಅಮೂಲ್ಯ. ತಕ್ಷಣ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ, ಮರುಶಸ್ತ್ರಕ್ರಿಯೆ ಕಠಿಣವಾದರೂ ಜೀವ ಉಳಿಯುವ ಅವಕಾಶವಿದೆ.

ಆದ್ದರಿಂದ ಎಷ್ಟೇ ಹಳೆಯ ಶಸ್ತ್ರಕ್ರಿಯೆಯಾದರೂ ರೋಗಿ ಅದನ್ನು ಪ್ರತಿ ವೈದ್ಯರಿಗೂ ಹೇಳಬೇಕು. ಕಾರಣ ತಿಳಿಯದ ಜ್ವರ, ಕಪ್ಪು ಮಲ ಕಂಡರೆ ಅಂದೇ ಆಸ್ಪತ್ರೆ ಸೇರಬೇಕು. ತೊಡೆಸಂದಿನಿಂದ ನಾಳ ಕೂರಿಸಿಕೊಂಡವರು ವೈದ್ಯರು ಹೇಳಿದ ಗಡುವಿಗೆ ಸ್ಕ್ಯಾನ್ ತಪ್ಪಿಸಬಾರದು. ಮನೆಯವರಿಗೂ ಈ ವಿಷಯ ತಿಳಿದಿರಲಿ. ಆಪತ್ತಿನ ಹೊತ್ತಿನಲ್ಲಿ ಹೇಳಬೇಕಾದವರು ಅವರೇ.