ಆಟದ ಬಯಲಿನಲ್ಲಿ ಗಣಿತ

ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸಿದಂತೆಲ್ಲ ಶಾಲೆಯ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಆಟದ ಅವಧಿ. ಅದು ಗಣಿತಕ್ಕೋ ವಿಜ್ಞಾನಕ್ಕೋ ಸಲ್ಲುತ್ತದೆ. ತಂದೆತಾಯಿಗಳಿಗೂ ಇದು ಸಮ್ಮತವೇ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಭಕ್ತರ ಮನೆಗಳಿಗೆ ಹೋದಾಗಲೆಲ್ಲ ನಾವು ಕೇಳುವ ಮಾತು ಒಂದೇ: "ಬುದ್ಧೀ, ಹುಡುಗ ಆಟದಲ್ಲಿ ಮುಂದು, ಲೆಕ್ಕದಲ್ಲಿ ಹಿಂದು." ಆಟದ ದಾರಿ ಬೇರೆ, ಲೆಕ್ಕದ ದಾರಿ ಬೇರೆ ಎಂದು ಈ ಮಾತು ಮೊದಲೇ ತೀರ್ಮಾನಿಸಿಬಿಟ್ಟಿದೆ. ನಮಗೆ ಹಾಗೆ ತೋರುವುದಿಲ್ಲ.

ಭತ್ತ ಕೊಯ್ದ ಗದ್ದೆಯಲ್ಲಿ ಮಕ್ಕಳು ಕ್ರಿಕೆಟ್ ಆಡುವುದನ್ನು ಯಾರು ಕಂಡಿಲ್ಲ? ವಿಕೆಟ್ಟಿನಿಂದ ವಿಕೆಟ್ಟಿಗೆ 22 ಗಜ, ಎಂದರೆ 66 ಅಡಿ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ ಭೂಮಾಪನಕ್ಕೆಂದು ರೂಪಿಸಿದ ಸರಪಳಿಯ ಉದ್ದವೂ ಅಷ್ಟೇ. ಅದರ ಅರ್ಧ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ನಮ್ಮ ಒಂದು ಗುಂಟೆ. 1,089 ಚದರ ಅಡಿ. ಹಾಗಾದರೆ ಪಿಚ್ಚಿನ ಉದ್ದವನ್ನೇ ನಾಲ್ಕು ಬದಿಗೂ ಇಟ್ಟು ಚೌಕ ಮಾಡಿದರೆ ಎಷ್ಟು ಗುಂಟೆಯಾದೀತು? ಎರಡು ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅಳೆಸಿ ನೋಡಿರಿ, ನಾಲ್ಕು ಬರುತ್ತದೆ. ಬದಿ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ ಎಂಬುದು ಹೀಗೆ ಕಾಲಿನಿಂದ ತಲೆಗೆ ಏರುತ್ತದೆ. ಅಂತಹ ಹತ್ತು ಚೌಕಗಳು ಸೇರಿದರೆ 40 ಗುಂಟೆ, ಒಂದು ಎಕರೆ.

ಇದು ಬರಿಯ ಅಂಕದ ಮಾತಲ್ಲ. ನಾಳೆ ಪಾಲುಪಾರೀಕತ್ತಿಗೆ ರುಜು ಹಾಕಬೇಕಾದವರು ಇದೇ ಮಕ್ಕಳು. ಗುಂಟೆಯ ಲೆಕ್ಕ ತಿಳಿಯದವನು ಇನ್ನೊಬ್ಬರ ಬಾಯಿ ನಂಬಿ ಸಹಿ ಮಾಡುತ್ತಾನೆ. ಆಮೇಲೆ ಒಡಹುಟ್ಟಿದವರ ಮೇಲೆಯೇ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ಶರಣರು ಜನರ ನುಡಿಯಲ್ಲಿ ಅನುಭಾವವನ್ನು ಹೇಳಿದ 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದನು. ಲೆಕ್ಕವು ಬದುಕಿನ ವ್ಯವಹಾರಕ್ಕೆ ಬೇಕೆಂಬುದು ಆ ಹೆಸರಿನಲ್ಲಿಯೇ ಇದೆ.

ಇನ್ನು ಓಟದ ಮಾತು. ಒಂದು ಸುತ್ತಿನ ಸ್ಪರ್ಧೆಯಲ್ಲಿ ಹೊರಗಿನ ಪಥದವರನ್ನು ಮುಂದೆ ಮುಂದೆ ನಿಲ್ಲಿಸುತ್ತಾರೆ. ನೋಡುವವರಿಗೆ ಪಕ್ಷಪಾತವೆನಿಸೀತು. ವೃತ್ತದ ಪರಿಧಿಯೆಂದರೆ ತ್ರಿಜ್ಯದ ಎರಡರಷ್ಟನ್ನು 'ಪೈ', ಎಂದರೆ ಸುಮಾರು 3.14ರಿಂದ ಗುಣಿಸಿದ್ದು. ಪಥದ ಅಗಲ ಒಂದು ಮೀಟರಾದರೆ ಹೊರಗಿನವನ ತ್ರಿಜ್ಯ ಒಂದು ಮೀಟರು ಹೆಚ್ಚು. ಅವನು ಓಡುವ ದಾರಿ ಸುಮಾರು 6.28 ಮೀಟರು ಹೆಚ್ಚು. ಅಚ್ಚರಿಯೆಂದರೆ, ಪಥದ ಅಗಲ ಅಷ್ಟೇ ಇರುವವರೆಗೆ ಮೈದಾನ ಹಿರಿದಾಗಲಿ ಕಿರಿದಾಗಲಿ ಈ ಅಂತರ ಬದಲಾಗದು. ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣವಾದರೂ ಅದೇ, ಹಳ್ಳಿಶಾಲೆಯ ಅಂಗಳದಲ್ಲಿ ಸುಣ್ಣದಿಂದ ಎಳೆದ ಗೆರೆಯಾದರೂ ಅದೇ. ಮಕ್ಕಳು ಇದನ್ನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ಒಂದು ಗೂಟ, ಒಂದು ಹಗ್ಗ ಕೊಟ್ಟರೆ ತಾವೇ ಪರೀಕ್ಷಿಸುತ್ತಾರೆ. ನುಲಿಯ ಚಂದಯ್ಯನವರು ಹಗ್ಗ ಹೊಸೆಯುವ ಕಾಯಕದಿಂದಲೇ ಶರಣರ ಸಾಲಿನಲ್ಲಿ ನಿಂತವರು. ಹಗ್ಗವು ಪ್ರಯೋಗಶಾಲೆಯ ಉಪಕರಣಕ್ಕಿಂತ ಕೀಳೆಂದು ನಾವು ಭಾವಿಸಬೇಕಿಲ್ಲ.

ಚಿನ್ನಿದಾಂಡಿನಲ್ಲಿ ದೂರವನ್ನು ದಾಂಡಿನಿಂದಲೇ ಅಳೆಯುತ್ತಾರೆ. ದಾಂಡು ಉದ್ದವಾದರೆ ಎಣಿಕೆ ಕಡಿಮೆ; ಅದಕ್ಕೇ ಜಗಳ. ಆ ಜಗಳವೇ ಅಳತೆಗೊಂದು ಸಮಾನ ಮಾನ ಏಕೆ ಬೇಕೆಂಬುದರ ಪಾಠ. ಕಬಡ್ಡಿಯಲ್ಲಿ ಮೊಣಕಾಲು ಬಾಗಿಸಿ ನಿಂತವನನ್ನು ಕೆಡವುವುದು ಕಷ್ಟ, ಅವನ ಗುರುತ್ವಕೇಂದ್ರ ನೆಲಕ್ಕೆ ಹತ್ತಿರವಿರುತ್ತದೆ.

ನಾಲೆಯ ಈಜಿನ ವಿಷಯವನ್ನು ಮಾತ್ರ ಹಗುರವಾಗಿ ಹೇಳಲಾರೆವು. ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಯ ಜೀವವೂ ಹೌದು, ಅಪಾಯವೂ ಹೌದು. ನೀರಿನ ವೇಗ ಇಮ್ಮಡಿಯಾದರೆ ಅದು ದೇಹವನ್ನು ನೂಕುವ ಬಲ ನಾಲ್ಮಡಿಯಾಗುತ್ತದೆ. ಗದ್ದೆಯ ಚೌಕದಲ್ಲಿ ಕಲಿತ ವರ್ಗದ ಲೆಕ್ಕವೇ ಇಲ್ಲಿಯೂ ಬಂದಿತು. ಕೆರೆಯಲ್ಲಿ ಈಜುವ ಹುಡುಗ ತುಂಬಿ ಹರಿಯುವ ನಾಲೆಗೆ ಏಕೆ ಇಳಿಯಬಾರದೆಂಬುದನ್ನು ಬೈದು ಹೇಳುವುದಕ್ಕಿಂತ ಹೀಗೆ ತಿಳಿಸುವುದು ಲೇಸು.

ಆದರೆ ಆಟದ ನಡುವೆ ಸೀಟಿ ಊದಿ ಪಾಠ ಹೇಳುವ ಉತ್ಸಾಹ ಬೇಡ. ಅದರಿಂದ ಆಟವೂ ಕೆಡುತ್ತದೆ, ಪಾಠವೂ ಕೆಡುತ್ತದೆ. ಮೊದಲು ಮನದಣಿಯೆ ಆಡಲಿ. ಬೆವರಾರುವಾಗ ಒಂದೇ ಒಂದು ಪ್ರಶ್ನೆ ಸಾಕು. ಎಷ್ಟೋ ಹಳ್ಳಿಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇರುವುದಿಲ್ಲ. ಅಲ್ಲಿ ಆ ಪ್ರಶ್ನೆಯನ್ನು ತಂದೆಯೋ ಅಜ್ಜನೋ ಕೇಳಬಹುದು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಎಂಟು ಒಂಬತ್ತನೆಯ ತರಗತಿಗೆ ಬಂದೊಡನೆ ಅವರನ್ನು ಬಯಲಿನಿಂದ ಒಳಗೆ ಕರೆದುಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮಳವಳ್ಳಿಯ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದರು. ಈ ಬೇಸಿಗೆಯ ರಜೆಯಲ್ಲಿ 33 ಅಡಿಯ ಹಗ್ಗವೊಂದನ್ನು ಸಿದ್ಧಮಾಡಿಕೊಂಡು ಹೊಲಕ್ಕೆ ಹೋಗುವಾಗ, ಅದರ ಒಂದು ತುದಿಯನ್ನು ಮಗನ ಕೈಗೂ ಇನ್ನೊಂದು ತುದಿಯನ್ನು ಮಗಳ ಕೈಗೂ ಕೊಡಿರಿ.