ಒಂದೇ ಸೊನ್ನೆ, ಮೂರು ಓದು

ಅಥಣಿ ಎಂಬ ಮೂರಕ್ಷರದ ಹೆಸರು ಇಂಗ್ಲಿಷ್ ಲಿಪಿಗೆ ಹೋದರೆ ಆರು ಅಕ್ಷರವಾಗುತ್ತದೆ. ಅಕ್ಷರ ಇಮ್ಮಡಿಯಾದರೂ ಹೆಸರಿನ ಗುರುತು ಕಡಿಮೆಯಾಗುತ್ತದೆ. ‘ಟಿ’ ಆದಮೇಲೆ ‘ಎಚ್’ ಬಂದರೆ ಬೆಂಗಳೂರು ಕಡೆಯವರು ಅದನ್ನು ತಕಾರವೆಂದು ಓದುತ್ತಾರೆ. ಲತಾ, ಗೀತಾ ಎಂಬ ಹೆಸರುಗಳನ್ನು ಅವರು ಬರೆಯುವುದೇ ಹಾಗೆ. ಸಾಂಗಲಿ, ಕೊಲ್ಹಾಪುರದವರಿಗೆ ಅದು ಥಕಾರ. ತಕಾರಕ್ಕೆ ಅವರು ಬರೀ ‘ಟಿ’ ಹಾಕುತ್ತಾರೆ. ಕೊನೆಯದು ‘ನಿ’ಯೋ ‘ಣಿ’ಯೋ ಎಂಬುದು ಆ ಬರಹದಿಂದ ಇಬ್ಬರಿಗೂ ಗೊತ್ತಾಗುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿಗಳ ಒತ್ತಕ್ಷರ ಒಂದು ಫಲಕದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ರೈಲ್ವೆಯವರ ರಾಯಬಾಗಕ್ಕೆ ‘ವೈ’, ತಾಲ್ಲೂಕು ಕಚೇರಿಯ ರಾಯಬಾಗಕ್ಕೆ ‘ಐ’. ಕಾಗವಾಡದ ನಡುವಿನ ‘ಗ’ಕ್ಕೆ ಸ್ವರ ಹಚ್ಚುವವರೂ ಉಂಟು, ಬಿಡುವವರೂ ಉಂಟು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಈ ಐದು ತಾಲ್ಲೂಕುಗಳಿಗೆ ಕನ್ನಡದಲ್ಲಿ ಐದೇ ಬರಹ. ಇಂಗ್ಲಿಷಿನಲ್ಲಿ ಎಷ್ಟು ಬರಹಗಳೆಂದು ಯಾವ ಗಣಕಕ್ಕೂ ಖಚಿತವಾಗಿ ತಿಳಿಯದು. ಸಾಲದ ಅರ್ಜಿ, ವಿದ್ಯಾರ್ಥಿವೇತನ, ಬೆಳೆ ವಿಮೆ ಎಲ್ಲವೂ ಹೆಸರಿಗೆ ಹೆಸರು ಹೊಂದಿಸಿ ನೋಡುವ ಈ ಕಾಲದಲ್ಲಿ ಇದನ್ನು ಕಾಗುಣಿತದ ತಕರಾರು ಎಂದು ತಳ್ಳಿಹಾಕುವಂತಿಲ್ಲ.

ಹೆಸರನ್ನು ಹೀಗೆ ಬರಹಕ್ಕೆ ತರುವುದನ್ನು ಗಣಕದವರು ಎನ್‌ಕೋಡಿಂಗ್ ಎನ್ನುತ್ತಾರೆ. ಒಂದು ವಸ್ತುವನ್ನು, ದನಿಯನ್ನು, ನೆನಪನ್ನು ಇನ್ನೊಂದು ರೂಪದ ಸಂಕೇತಕ್ಕೆ ಇಳಿಸುವ ಕೆಲಸ ಅದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶ್ಯಾನನ್ 1948ರಲ್ಲಿ ಸಂವಹನದ ಗಣಿತವನ್ನು ಕಟ್ಟಿದಾಗ ಅವರ ಮುಂದಿದ್ದ ಪ್ರಶ್ನೆ ನೇರವಾಗಿತ್ತು: ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಹಾಗೆಯೇ ಸಿಗಬೇಕು, ಹೇಗೆ? ಈ ಪ್ರಶ್ನೆಗೆ ಎರಡು ತುದಿಗಳಿವೆ ಎಂಬುದನ್ನೇ ನಾವು ಮರೆಯುತ್ತಿದ್ದೇವೆ. ದಾಖಲೆ ಉಳಿಸುವುದೆಂದರೆ ನಮ್ಮ ಗಮನವೆಲ್ಲ ಹಾಕುವ ತುದಿಯ ಮೇಲೆ: ಗಟ್ಟಿ ಕಾಗದ, ಸ್ಕ್ಯಾನರ್, ಸರ್ವರ್. ತೆಗೆಯುವ ತುದಿಯಲ್ಲಿ ಕೀಲಿ ಇರಬೇಕು. ಆ ಕೀಲಿ ಬಹುತೇಕ ಮನುಷ್ಯರ ಬಳಿಯೇ ಇರುತ್ತದೆ. ಸಂಕೇತ ಉಳಿದು ಕೀಲಿ ಕಳೆದುಹೋದರೆ ಉಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂಬುದಕ್ಕೆ ಈ ಐದು ತಾಲ್ಲೂಕುಗಳಷ್ಟು ಸ್ಪಷ್ಟವಾದ ಸಾಕ್ಷ್ಯ ಕರ್ನಾಟಕದ ಬೇರೆ ಕಡೆ ಸಿಗುವುದು ಕಷ್ಟ.

ಮೊದಲ ಸಾಕ್ಷ್ಯ ಜೈನರ ಷಟ್ಖಂಡಾಗಮದ್ದು. ಆಗಮಜ್ಞಾನ ನೆನಪಿನಿಂದ ಜಾರಿಹೋಗುತ್ತಿದೆ ಎಂದು ಕಂಡುಕೊಂಡ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಧಾರೆಯೆರೆದರು, ಅವರು ಗ್ರಂಥಕ್ಕಿಳಿಸಿದರು ಎಂದು ಪರಂಪರೆ ಹೇಳುತ್ತದೆ. ಅದರ ಮೇಲೆ ವೀರಸೇನರು ಬರೆದ ಧವಲಾ ಟೀಕೆಯ ತಾಡೋಲೆಗಳು ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯ ಬಸದಿಯಲ್ಲಿ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಓಲೆಗಳಿಗೆ ಪೂಜೆ ನಡೆಯಿತು, ದರ್ಶನ ನಡೆಯಿತು. ಓದು ಮಾತ್ರ ಬಹುಕಾಲ ನಡೆಯಲಿಲ್ಲ. ಓದಲು ಕೂತವರಿಗೂ ದಾರಿ ಸಲೀಸಾಗಿರಲಿಲ್ಲ. ದಕ್ಷಿಣದ ಪ್ರಾಕೃತ ಹಸ್ತಪ್ರತಿಗಳಲ್ಲಿ ಒತ್ತಕ್ಷರ ಬರೆಯುವ ಬದಲು ಅಕ್ಷರದ ಹಿಂದೆ ಒಂದು ಸೊನ್ನೆ ಇಡುವ ರೂಢಿಯಿತ್ತು. ‘ದವ್ವ’ ಎಂಬುದಕ್ಕೆ ಲಿಪಿಕಾರ ಒಂದು ದಕಾರ, ಒಂದು ಸೊನ್ನೆ, ಒಂದು ವಕಾರ ಬರೆಯುತ್ತಿದ್ದ. ರೂಢಿ ತಿಳಿದವನಿಗೆ ಅದು ದ್ರವ್ಯ ಎಂಬುದರ ಪ್ರಾಕೃತ ರೂಪ. ತಿಳಿಯದವನಿಗೆ ಅದು ‘ದಂವ’, ಅರ್ಥವಿಲ್ಲದ ಸದ್ದು. ಓಲೆಗೆ ಗೆದ್ದಲು ಹತ್ತಿಲ್ಲ, ಮಸಿ ಮಾಸಿಲ್ಲ, ಆದರೂ ಪದ ಹೋಯಿತು.

ಈ ಗ್ರಂಥವನ್ನು ಮುಂದಿನವರಿಗೆ ದಾಟಿಸಿದವರಲ್ಲಿ ಇಬ್ಬರು ಇದೇ ನೆಲದವರು. ಈಗ ನಿಪ್ಪಾಣಿ ತಾಲ್ಲೂಕಿಗೆ ಸೇರಿದ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ಓಲೆ ಹಾಳಾದೀತೆಂಬ ಕಳವಳದಿಂದ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸಲು ಪ್ರೇರಣೆ ಕೊಟ್ಟರು. ಮಹಾರಾಷ್ಟ್ರದ ಫಲಟಣದಲ್ಲಿ ಅವನ್ನು ಕಾಯ್ದಿಡಲಾಯಿತು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಹಿಡಿದದ್ದು ಇನ್ನೊಂದು ದಾರಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಲೇ ಪ್ರಾಕೃತ ಗ್ರಂಥ ಸಂಪಾದನೆಯಲ್ಲಿ ಜೀವ ಸವೆಸಿದ ಅವರು, ಹೀರಾಲಾಲ್ ಜೈನರ ನೇತೃತ್ವದಲ್ಲಿ 1939ರಿಂದ ಸಂಪುಟ ಸಂಪುಟವಾಗಿ ಹೊರಬಂದ ಧವಲಾ ಪ್ರಕಟಣೆಗೆ ಹೆಗಲು ಕೊಟ್ಟರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. ತಾಮ್ರ ಓಲೆಗಿಂತ ಎಷ್ಟೋ ಪಾಲು ಗಟ್ಟಿ, ನಿಜ. ಆದರೆ ಸೊನ್ನೆಯನ್ನು ಸೊನ್ನೆಯಾಗಿಯೇ ಕೊರೆದಿದ್ದರೆ ತಾಮ್ರ ಆ ಗೊಂದಲವನ್ನೂ ಅಷ್ಟೇ ಗಟ್ಟಿಯಾಗಿ ಕಾಯುತ್ತಿತ್ತು. ಸೊನ್ನೆ ಎಲ್ಲಿ ಅನುಸ್ವಾರ, ಎಲ್ಲಿ ಒತ್ತು ಎಂದು ಪ್ರತಿಯಿಂದ ಪ್ರತಿಗೆ ಹೋಲಿಸಿ, ವ್ಯಾಕರಣದಿಂದ ತೂಗಿ ತೀರ್ಮಾನಿಸಿದ್ದು ಸಂಪಾದಕರ ವಿದ್ಯೆ. ಎರಡೂ ಕೆಲಸ ಬೇಕಿದ್ದವು. ಮೊದಲನೆಯದಕ್ಕೆ ದಾನಿಗಳು ಸಿಗುತ್ತಾರೆ; ಎರಡನೆಯದಕ್ಕೆ ಆಗಲೂ ಜನ ಕಡಿಮೆ, ಈಗಲೂ ಕಡಿಮೆ.

ಎರಡನೆಯ ಸಾಕ್ಷ್ಯ ಮನೆಮನೆಯ ಟ್ರಂಕುಗಳಲ್ಲಿದೆ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತ್ಯದವು. ನಿಪ್ಪಾಣಿಯಲ್ಲಿ ಮೊದಲು ದೇಸಾಯರ ಆಳ್ವಿಕೆ. ಈ ಸೀಮೆಯ ಹಳೆಯ ಖರೇದಿ ಪತ್ರ, ವಾಟಣಿ ಪತ್ರ, ಇನಾಮು ಸನದುಗಳಲ್ಲಿ ಬಹಳಷ್ಟು ಮೋಡಿ ಲಿಪಿಯ ಮರಾಠಿಯಲ್ಲಿವೆ. ಮೋಡಿ ಅವಸರದ ಬರಹ. ಕಾರಕೂನ ಮೊದಲು ಹಾಳೆಯ ಅಗಲಕ್ಕೂ ಗೆರೆ ಎಳೆದುಕೊಂಡು, ಲೇಖನಿಯನ್ನು ಆದಷ್ಟು ಎತ್ತದೆ, ಆ ಗೆರೆಗೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುತ್ತಿದ್ದ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಇದು ಅಜ್ಞಾನದಿಂದ ಆದದ್ದಲ್ಲ, ಲೆಕ್ಕ ಹಾಕಿ ಬಿಟ್ಟದ್ದು. ಊರು, ಹೊಲ, ಮನೆತನ, ಕಚೇರಿಯ ವರಸೆ ಎಲ್ಲವೂ ಓದುವವನಿಗೆ ಗೊತ್ತಿದ್ದಾಗ ಬಿಟ್ಟದ್ದನ್ನು ಅವನೇ ತುಂಬಿಕೊಳ್ಳುತ್ತಾನೆ. ಬರೆಯುವವನಿಗೆ ಹೊತ್ತು ಉಳಿಯುತ್ತದೆ. ಶ್ಯಾನನ್ ಮುಂದೆ ಗಣಿತದಲ್ಲಿ ತೋರಿಸಿದ ಸಂಗತಿಯನ್ನು ಆ ಕಾರಕೂನ ಅನುಭವದಿಂದ ಬಲ್ಲವನಾಗಿದ್ದ: ಆ ತುದಿಯಲ್ಲಿ ಈಗಾಗಲೇ ಇರುವುದನ್ನು ಮತ್ತೆ ಕಳಿಸಬೇಕಿಲ್ಲ. ಆದರೆ ಆ ತುದಿಯೇ ಕಾಣೆಯಾಯಿತು. ಶಾಲೆಗಳಲ್ಲಿ ಮೋಡಿ ಕಲಿಸುವುದು ಕಳೆದ ಶತಮಾನದ ನಡುವಿಗೆ ನಿಂತುಹೋಯಿತು. ಹಾಗೆ ಕಲಿತವರಲ್ಲಿ ಬದುಕಿರುವವರು ಎಂಬತ್ತು ದಾಟಿದ್ದಾರೆ. ಹಿರಿಯರ ಹೊಲದ ಕಾಗದ ಕೈಯಲ್ಲಿದ್ದೂ ಅದರಲ್ಲೇನಿದೆ ಎಂದು ತಿಳಿಯದ ರೈತ ಇಂದು ಓದುವವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾಗಿದೆ.

ನೆನಪೂ ಇದೇ ಕಟ್ಟಳೆಗೆ ಒಳಪಟ್ಟದ್ದು. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲಿ ಒಂದು ಪ್ರಯೋಗ ವಿವರಿಸಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಿಸಿ ಆಮೇಲೆ ಹೇಳಿಸಿದಾಗ, ತಮಗೆ ಅಪರಿಚಿತವಾದ ಭೂತಪ್ರೇತದ ಭಾಗವನ್ನು ಅವರು ಬಿಟ್ಟರು, ಮರದ ದೋಣಿಯನ್ನು ತಮ್ಮ ಕಡೆಯ ದೋಣಿ ಮಾಡಿಕೊಂಡರು. ಓದಿದ್ದು ಮನಸ್ಸಿನೊಳಗೆ ಬದಲಾಗಿತ್ತು. ಎಂಡೆಲ್ ಟಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ 1973ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಇಡುವಾಗ ಜೊತೆಗಿದ್ದ ಸುಳಿವು ತೆಗೆಯುವಾಗಲೂ ಇದ್ದರೆ ಮಾತ್ರ ನೆನಪು ಸಲೀಸಾಗಿ ಬರುತ್ತದೆ. ಉತ್ತರ ಕರ್ನಾಟಕದ ಹೆಳವರ ವೃತ್ತಿ ನಿಂತಿರುವುದೇ ಇದರ ಮೇಲೆ. ಎತ್ತಿನೊಂದಿಗೆ ಊರಿಗೆ ಬಂದು, ಮನೆತನದ ಹೆಸರು, ಬೆಡಗು (ಕುಲದ ಕವಲು) ಹಿಡಿದು ತಲೆಮಾರುಗಳನ್ನು ಒಂದರ ಹಿಂದೆ ಒಂದು ಹೇಳಿಕೊಂಡು ಹೋಗುವ ಹೆಳವನಿಗೆ ಬೆಡಗೇ ಕೀಲಿ. ಹೆಸರುಗಳನ್ನು ಬಿಡಿಬಿಡಿಯಾಗಿ ಪುಸ್ತಕಕ್ಕೆ ಇಳಿಸಿಕೊಂಡು ಬೆಡಗಿನ ಕ್ರಮವನ್ನೂ ಹೇಳುವ ಧಾಟಿಯನ್ನೂ ಬಿಟ್ಟರೆ ಉಳಿಯುವುದು ಪಟ್ಟಿ. ಯಾವ ಕವಲು ಎಲ್ಲಿ ಒಡೆಯಿತು, ಯಾರು ಯಾವ ಊರು ಬಿಟ್ಟು ಬಂದರು ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಯೂನಿಕೋಡ್ ಬಂದಮೇಲೆ ಈ ಚಿಂತೆಗೆ ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಯೂನಿಕೋಡಿನ ಉಪಕಾರ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಬಾರದು. ಅದಕ್ಕೆ ಮುಂಚೆ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕಕಾರ ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’ಯೂ ತಲೆಯ ಮೇಲೆ ಗೆರೆ ಹೊತ್ತ ‘ಎ’ಯೂ ಕಾಣಿಸುತ್ತಿದ್ದವು. ಈಗ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಕನ್ನಡದ ಕಕಾರಕ್ಕೂ ನಾಗರಿಯ ಕಕಾರಕ್ಕೂ ಒಂದೇ ಸ್ಥಾನವಿತ್ತು. ಆ ಜೋಡಣೆ ಯೂನಿಕೋಡಿನಲ್ಲೂ ಉಳಿದಿದೆ. ನಾಗರಿಯಲ್ಲಿ ಅ, ಥ, ಣ ಅಕ್ಷರಗಳ ಸಂಖ್ಯೆ 2309, 2341, 2339. ಒಂದೊಂದಕ್ಕೂ 896 ಕೂಡಿಸಿ, ಕನ್ನಡದ 3205, 3237, 3235 ಸಿಗುತ್ತವೆ. ಗಡಿಯ ಎರಡೂ ಬದಿಯ ಬರಹಗಳು ಇಷ್ಟು ಹತ್ತಿರ ಕೂತಿರುವುದು ಸಂತೋಷದ ಸಂಗತಿ. ಆದರೆ ಮರಾಠಿಯಲ್ಲಿ ಊರಿನ ಹೆಸರು ದೀರ್ಘದಿಂದ ಮುಗಿಯುತ್ತದೆ, ಹಾಗಾಗಿ ಕೂಡಿಸಿದ ಗಣಕ ‘ಅಥಣೀ’ ಎಂದು ಕೊಡುತ್ತದೆ. ಚಿಕ್ಕೋಡಿ ‘ಚಿಕೋಡೀ’ ಆಗುತ್ತದೆ, ಆ ಒತ್ತು ಹೆಸರಿನ ಮರಾಠಿ ರೂಪದಲ್ಲಿ ಇಲ್ಲ. ಅಷ್ಟೇಕೆ, ಕನ್ನಡದೊಳಗೇ ‘ಚಿಕ್ಕೋಡಿ’ಯನ್ನು 8 ಸಂಖ್ಯೆಗಳಲ್ಲಿ ಇಡಬಹುದು. ಓತ್ವವನ್ನು ಅದರ ಮೂರು ತುಂಡುಗಳಾಗಿ ಬಿಡಿಸಿ 10 ಸಂಖ್ಯೆಗಳಲ್ಲೂ ಇಡಬಹುದು. ತೆರೆಯ ಮೇಲೆ ಎರಡಕ್ಕೂ ರೂಪ ಒಂದೇ. ಇವೆರಡೂ ಒಂದೇ ಎಂದು ಗಣಕಕ್ಕೆ ಮೊದಲೇ ಹೇಳಿಕೊಡದಿದ್ದರೆ ಹುಡುಕಿದವನಿಗೆ ಇಲ್ಲವೆಂಬ ಉತ್ತರ ಬರುತ್ತದೆ. ಸೊನ್ನೆಯ ಹಳೆಯ ಕಥೆಯೂ ಮುಗಿದಿಲ್ಲ: ಅನುಸ್ವಾರಕ್ಕೆ ಒಂದು ಸಂಖ್ಯೆ, ಕನ್ನಡ ಅಂಕಿಯ ಸೊನ್ನೆಗೆ ಇನ್ನೊಂದು. ಅವಸರದಲ್ಲಿ ಅಂಕಿಯ ಸೊನ್ನೆ ಒತ್ತಿ ಬರೆದ ‘ಶಂಕರ’ ಕಣ್ಣಿಗೆ ಸರಿ, ಗಣಕಕ್ಕೆ ಬೇರೆ ಮನುಷ್ಯ. ಆಧಾರ್ ಸಂಖ್ಯೆಯ 12ನೇ ಅಂಕಿ ಉಳಿದ ಹನ್ನೊಂದನ್ನು ತಾಳೆ ನೋಡಲೆಂದೇ ಇದೆ, ಒಂದು ಅಂಕಿ ತಪ್ಪಿದರೂ ಗೊತ್ತಾಗುತ್ತದೆ. ಹೆಸರಿಗೆ ಅಂಥ ಕಾವಲಿಲ್ಲ. ತಪ್ಪು ಹೆಸರು ಸದ್ದಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಮೋಡಿ ಕಾಗದಗಳ ಚಿತ್ರ ತೆಗೆದಿಟ್ಟರಾಯಿತು, ನಾಳೆ ಯಂತ್ರಬುದ್ಧಿಯೇ ಓದೀತು ಎಂಬುದು. ಮೋಡಿಗೆ 2014ರಲ್ಲಿ ಯೂನಿಕೋಡಿನಲ್ಲಿ ಸ್ಥಾನವೂ ಸಿಕ್ಕಿದೆ ಎಂದು ಹಾಗೆನ್ನುವವರು ನೆನಪಿಸುತ್ತಾರೆ. ಆದರೆ ಯಂತ್ರಕ್ಕೆ ಓದು ಬರುವುದು ಚಿತ್ರ ಮತ್ತು ಅದರ ಸರಿಯಾದ ಓದು ಎರಡನ್ನೂ ಜೋಡಿಯಾಗಿ ಕೊಟ್ಟಾಗ. ಆ ಜೋಡಿ ಕಟ್ಟಬಲ್ಲವರು ಮೋಡಿ ಬಲ್ಲ, ಜೊತೆಗೆ ಈ ಸೀಮೆಯ ಕನ್ನಡ ಊರು, ಹೊಲ, ಅಡ್ಡಹೆಸರು ಬಲ್ಲ ಜನ. ಪುಣೆಯ ದಫ್ತರದ ಕಾಗದಗಳಿಂದ ಕಲಿತ ಯಂತ್ರ ರಾಯಬಾಗದ ಕನ್ನಡ ಹೊಲದ ಹೆಸರಿನ ಮುಂದೆ ಎಡವುತ್ತದೆ. ಹ್ರಸ್ವ ದೀರ್ಘ ಬಿಟ್ಟ ಬರಹದಲ್ಲಿ ಗೊತ್ತಿಲ್ಲದ ಹೆಸರನ್ನು ಊಹಿಸಲು ಅದಕ್ಕೆ ಆಧಾರವೇ ಇರುವುದಿಲ್ಲ. ಯಂತ್ರ ಬರುವವರೆಗೆ ಕಾಯೋಣ ಎಂದರೆ, ಯಂತ್ರಕ್ಕೆ ಕಲಿಸಬೇಕಾದವರನ್ನು ಕಳೆದುಕೊಳ್ಳೋಣ ಎಂದಂತೆ.

ಬಹಿರಂಗವಾಗಿ ಯಾರೂ ಹೇಳದ ಅಳುಕೊಂದೂ ಇದೆ. ಗಡಿ ತಾಲ್ಲೂಕಿನಲ್ಲಿ ಸರ್ಕಾರವೇ ಮೋಡಿ ಕಲಿಸಿದರೆ ಗಡಿ ತಂಟೆಗೆ ನೀರೆರೆದಂತಾಗದೇ ಎಂಬುದು. ನನಗೆ ತೋರುವುದು ತಿರುವುಮುರುವು. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಹೊಲದ ಜೊತೆಗೆ ಹೊಲದ ಕಾಗದವೂ ನಮ್ಮದಾಯಿತು. ಅದರಲ್ಲಿರುವುದು ಇಲ್ಲಿನ ಒಕ್ಕಲಿಗರ, ಮಠಗಳ, ಬಸದಿಗಳ ಹಕ್ಕು. ಓದಲಾರದೆ ಕೈಚೆಲ್ಲಿದರೆ ನಮ್ಮ ಚರಿತ್ರೆಯ ಓದನ್ನು ಬೇರೆಯವರಿಗೆ ಒಪ್ಪಿಸಿದ ಹಾಗೆ. ಪ್ರಾಕೃತ ಓದಿದ ಉಪಾಧ್ಯೆ ಕನ್ನಡಕ್ಕೆ ಕಡಿಮೆಯಾಗಲಿಲ್ಲ, ಕನ್ನಡದ ಸಮ್ಮೇಳನಾಧ್ಯಕ್ಷರೇ ಆದರು.

ಭೂಮಿ ಯೋಜನೆಯಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ರಾಜ್ಯ. ಅದೂ ಕನ್ನಡದಲ್ಲೇ. ಅಷ್ಟು ದೊಡ್ಡ ಕೆಲಸ ಮಾಡಿದ ವ್ಯವಸ್ಥೆಗೆ ಮುಂದಿನದು ಅಸಾಧ್ಯವಲ್ಲ. ಸ್ಕ್ಯಾನ್ ಮಾಡುವ ಟೆಂಡರಿನಲ್ಲಿ ಹಾಳೆಗೆ ಇಷ್ಟು ರೂಪಾಯಿ ಎಂದು ಬರೆಯುವಾಗ ಓದಿ ಕೊಡುವುದಕ್ಕೆ ಇಷ್ಟು ಎಂದೂ ಬರೆಯಬೇಕು. ಹಳೆಯ ಫಾಂಟಿನ ಕಡತಗಳನ್ನು ಫಾಂಟು ಬಲ್ಲವರು ಕಚೇರಿಯಲ್ಲಿ ಇರುವಾಗಲೇ ಯೂನಿಕೋಡಿಗೆ ತಂದು, ಯಾವ ಫಾಂಟಿನಿಂದ ತಂದದ್ದು ಎಂದು ಕಡತದಲ್ಲೇ ನಮೂದಿಸಬೇಕು. ಊರಿನ, ವ್ಯಕ್ತಿಯ ಹೆಸರಿಗೆ ಕನ್ನಡ ಬರಹವೇ ಮೂಲವಾಗಿ, ಇಂಗ್ಲಿಷ್ ರೂಪ ಒಂದೇ ನಿಯಮದಂತೆ ಅದರಿಂದ ಹುಟ್ಟಬೇಕು. ಈಗ ಇಂಗ್ಲಿಷಿನಿಂದ ಕನ್ನಡಕ್ಕೆ ಊಹಿಸಿಕೊಂಡು ಬರುವ ಪದ್ಧತಿ ನಿಲ್ಲಬೇಕು. ಇದನ್ನು ಈ ಐದು ತಾಲ್ಲೂಕುಗಳ ಊರುಪಟ್ಟಿಯಿಂದ ಶುರುಮಾಡಬಹುದು. ಪ್ರತಿ ಊರಿಗೂ ಕನ್ನಡ, ನಾಗರಿ, ಮೋಡಿ, ಇಂಗ್ಲಿಷ್ ರೂಪಗಳನ್ನು ಒಂದೇ ಸಾಲಿನಲ್ಲಿ ಇಟ್ಟು, ಊರಿನವರಿಂದ ಓದಿಸಿ ತಾಳೆ ನೋಡಿದರೆ ತಲಾಠಿಗೂ ಬ್ಯಾಂಕಿನವರಿಗೂ ನಾಳೆಯ ಯಂತ್ರಕ್ಕೂ ಅದೇ ಕೀಲಿ. ಪಟ್ಟಿ ಚಿಕ್ಕದು, ಮೋಡಿ ಬಲ್ಲ ಹಿರಿಯರು ಕೆಲವರಾದರೂ ಇನ್ನೂ ಇದ್ದಾರೆ, ಖರ್ಚು ಒಂದು ಸರ್ವರ್ ಕೊಳ್ಳುವಷ್ಟೂ ಆಗದು.